ಮಕ್ಕಳ ಬರಹದಲ್ಲಿ ನಮ್ಮ ಕೊಡಗು ಕಾಣಿಸಬೇಕಾದರೆ ಯಾವ ಆಟ ಆಡಿಸುತ್ತೀರಿ?

ಸೋಮವಾರಪೇಟೆ ಟೀಚರ್

ಎಂಟು, ಒಂಬತ್ತನೇ ತರಗತಿಗೆ ಕನ್ನಡ ಕಲಿಸುತ್ತೇನೆ, ಸರ್ಕಾರಿ ಪ್ರೌಢಶಾಲೆ. ‘ನಮ್ಮೂರ ಮಳೆಗಾಲ’ದ ಬಗ್ಗೆ ಬರೆಯಿರಿ ಎಂದರೆ ಇಡೀ ತರಗತಿಯಿಂದ ಬರುವುದು ಒಂದೇ ಬರಹ. “ಕೊಡಗು ದಕ್ಷಿಣದ ಕಾಶ್ಮೀರ. ಇಲ್ಲಿನ ಪ್ರಕೃತಿ ಸೌಂದರ್ಯ ರಮಣೀಯವಾಗಿದೆ. ಮಳೆಗಾಲದಲ್ಲಿ ಹಚ್ಚ ಹಸಿರು ಕಣ್ಮನ ಸೆಳೆಯುತ್ತದೆ.” ಹೀಗೆ ಬರೆದ ಹುಡುಗ ಅವತ್ತು ಬೆಳಿಗ್ಗೆ ತಾನೇ ಕಾಲ್ಬೆರಳ ಸಂದಿಯಿಂದ ರಕ್ತ ಹೀರುವ ಇಂಬಳ (ಜಿಗಣೆ) ಕಿತ್ತು ಹಾಕಿರುತ್ತಾನೆ, ಒದ್ದೆ ಸಾಕ್ಸ್ ಹಿಂಡಿ ಬೆಂಚಿನ ಕಾಲಿಗೆ ಒಣಹಾಕಿರುತ್ತಾನೆ. ಅದ್ಯಾವುದೂ ಹಾಳೆಗೆ ಇಳಿಯುವುದಿಲ್ಲ. ಹೋಂಸ್ಟೇ ಬೋರ್ಡಿನ ಮಾತು ಮಾತ್ರ ಇಳಿಯುತ್ತದೆ.

ಮಕ್ಕಳಿಗೆ ಪದಗಳು ಸಾಲದು ಎಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬರೆದದ್ದನ್ನು ಓದುವ ನನಗೆ ಇಲ್ಲಿನ ಮಳೆ ಹೇಗಿರುತ್ತದೆಂದು ಮೊದಲೇ ಗೊತ್ತು, ಅದು ಮಕ್ಕಳಿಗೂ ಗೊತ್ತು. ಗೊತ್ತಿರುವವರಿಗೆ ಯಾರು ವಿವರ ಹೇಳುತ್ತಾರೆ? ಓದಿದವರು ಅದರಿಂದ ಏನನ್ನಾದರೂ ಹುಡುಕಬೇಕು, ಇಲ್ಲವೇ ಊಹಿಸಬೇಕು, ಇಲ್ಲವೇ ಚಿತ್ರ ಬರೆಯಬೇಕು ಅಂತಾದರೆ ಮಾತ್ರ ವಿವರಕ್ಕೆ ಕೆಲಸ ಸಿಗುತ್ತದೆ. ಹಾಗಾಗಿ ವರ್ಣನೆಯನ್ನು ಆಟ ಮಾಡಿದೆ.

ಮೊದಲನೆಯದು ಕಲ್ಲಿನ ಆಟ. ಅಂಗಳದಿಂದ ಒಬ್ಬೊಬ್ಬರೂ ಒಂದೇ ಗಾತ್ರದ ಜಲ್ಲಿಕಲ್ಲು ಆರಿಸಿ ತರಬೇಕು. ಐದು ಸಾಲಿನಲ್ಲಿ ಅದನ್ನು ವರ್ಣಿಸಬೇಕು. ಆಮೇಲೆ ಎಲ್ಲ ಕಲ್ಲುಗಳನ್ನೂ ಮೇಜಿನ ಮೇಲೆ ಕಲೆಸಿಬಿಡುತ್ತೇನೆ. ಹಾಳೆ ಪಕ್ಕದವರಿಗೆ ಹೋಗುತ್ತದೆ, ಅವರು ಓದಿ ಕಲ್ಲು ಹುಡುಕಬೇಕು. “ನನ್ನ ಕಲ್ಲು ಕಪ್ಪಗಿದೆ, ಗಟ್ಟಿಯಾಗಿದೆ, ನೋಡಲು ಚೆನ್ನಾಗಿದೆ” ಎಂದು ಬರೆದವರ ಕಲ್ಲು ಯಾರಿಗೂ ಸಿಗಲಿಲ್ಲ. ಬೈಯುವ ಕೆಲಸ ನನಗೆ ಬರಲೇ ಇಲ್ಲ, ಹುಡುಕುವವರೇ ಜಗಳಕ್ಕೆ ನಿಂತರು. ಎರಡನೇ ಸುತ್ತಿನಲ್ಲಿ ಒಬ್ಬಳು ಬರೆದದ್ದು: “ಒಂದು ಮೂಲೆ ಚೂಪು. ಚೂಪಿನ ಕೆಳಗೆ ಅಕ್ಕಿಕಾಳಿನಷ್ಟು ಬಿಳಿ ಗೆರೆ. ತಿರುಗಿಸಿದರೆ ಹೆಬ್ಬೆರಳು ಕೂರುವಷ್ಟು ಗುಳಿ, ಅದರೊಳಗೆ ಇನ್ನೂ ಮಣ್ಣಿದೆ.” ಆ ಕಲ್ಲು ಕೂಡಲೇ ಸಿಕ್ಕಿತು.

ಎರಡನೆಯದು ಡಬ್ಬದ ಆಟ. ಸುಂದರ, ರಮಣೀಯ, ಮನಮೋಹಕ, ಮಂಜಿನ ನಗರಿ, ಪ್ರಕೃತಿಯ ಮಡಿಲು, ಕಣ್ಣಿಗೆ ಹಬ್ಬ, ಇವನ್ನೆಲ್ಲ ಚೀಟಿಯಲ್ಲಿ ಬರೆದು ಬಿಸ್ಕತ್ತಿನ ಡಬ್ಬಕ್ಕೆ ಹಾಕಿ ಮುಚ್ಚಿದ್ದೇವೆ. ಆ ಪದ ಬೇಕೆಂದರೆ ಅದರ ಬದಲು ಕಂಡದ್ದೊಂದು, ಕೇಳಿದ್ದೊಂದು ಬರೆದು ಕೊಟ್ಟು ಬಿಡಿಸಿಕೊಳ್ಳಬೇಕು. ಬರೆದು ಕೊಟ್ಟ ಮೇಲೆ ಆ ಪದವೇ ಬೇಡವಾಗುತ್ತದೆ.

ನಿಮ್ಮ ಶಾಲೆಗಳಲ್ಲಿ, ಮನೆಗಳಲ್ಲಿ ಇಂಥದ್ದು ಏನಾದರೂ ಮಾಡಿದ್ದರೆ ಹೇಳಿ. ಮಳೆ ರಜೆ ಶುರುವಾಗುವ ಮೊದಲು ಇನ್ನಷ್ಟು ಆಟ ಕೂಡಿಸಿಕೊಳ್ಳಬೇಕಾಗಿದೆ.

ಚೆಟ್ಟಳ್ಳಿ ತೋಟ

ಮೇಡಂ, ನಾನು ಟೀಚರ್ ಅಲ್ಲ, ಬೆಳೆಗಾರ. ಆದರೂ ಹೇಳುತ್ತೇನೆ. ನಮ್ಮಲ್ಲಿ ಪ್ರತಿ ತೋಟದ ಮನೆಯಲ್ಲೂ ಮಳೆ ಅಳೆಯುವ ಜಾಡಿ ಇದೆ, ಪಕ್ಕದಲ್ಲಿ ಮಳೆ ಡೈರಿ ಇದೆ. ಬೆಳಿಗ್ಗೆ ಎದ್ದು ಎಷ್ಟು ಇಂಚು, ಎಷ್ಟು ಸೆಂಟು ಎಂದು ಬರೆಯುವುದು ಅಜ್ಜನ ಕಾಲದಿಂದ ಬಂದ ಅಭ್ಯಾಸ. ನೂರು ಸೆಂಟಿಗೆ ಒಂದು ಇಂಚು. ಈಗ ನನ್ನ ಮಗಳು ಆ ಅಂಕಿಯ ಪಕ್ಕ ಒಂದೇ ಸಾಲು ಬರೆಯುತ್ತಾಳೆ. ‘ಮಳೆ’ ಎಂಬ ಪದ ಬಳಸುವ ಹಾಗಿಲ್ಲ ಎಂಬುದು ಅವಳೇ ಹಾಕಿಕೊಂಡ ನಿಯಮ.

ಜೂನ್ ತಿಂಗಳ ಒಂದು ಸಾಲು ಹೀಗಿದೆ: “2 ಇಂಚು 40 ಸೆಂಟು. ರಾತ್ರಿ ಹೆಂಚಿನ ಸದ್ದಿಗೆ ಟಿವಿ ಕೇಳಲಿಲ್ಲ, ನಾಯಿ ಅಡುಗೆಮನೆಗೆ ಬಂದು ಮಲಗಿತು.” ಇನ್ನೊಂದು ದಿನ: “12 ಸೆಂಟು. ಅಂಗಳದ ಧೂಳಿನಲ್ಲಿ ಗುಳಿ ಬಿದ್ದವು, ಒಂದಕ್ಕೊಂದು ತಾಗಲಿಲ್ಲ.” ಹನ್ನೆರಡು ಸೆಂಟು ಎಂದರೆ ಎಷ್ಟು ಎಂದು ತೋಟದವರಿಗೆ ಮಾತ್ರ ಗೊತ್ತಾಗುತ್ತದೆ. ಗುಳಿ ತಾಗಲಿಲ್ಲ ಎಂದರೆ ಬೆಂಗಳೂರಿನಲ್ಲಿರುವ ಅವಳ ಚಿಕ್ಕಪ್ಪನಿಗೂ ಗೊತ್ತಾಗುತ್ತದೆ.

ಮಾರ್ಚಿಯಲ್ಲಿ ಹೂಮಳೆ ಬಿದ್ದಾಗಲೂ ಇದನ್ನು ಮಾಡಿಸಿ. ಒಂದು ಇಂಚು ಬಿದ್ದರೆ ಎಂಟು-ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ. ಮೊಗ್ಗು ಹಸಿರಿನಿಂದ ಬಿಳಿಗೆ ತಿರುಗುವುದು, ಅರಳಿದ ದಿನದ ಜೇನ್ನೊಣದ ಸದ್ದು, ಮೂರ್ನಾಲ್ಕು ದಿನಕ್ಕೆ ಹೂವೆಲ್ಲ ಕಂದು ಬಣ್ಣಕ್ಕೆ ತಿರುಗಿ ಗಿಡಕ್ಕೇ ಅಂಟಿಕೊಂಡು ನಿಲ್ಲುವುದು, ದಿನಕ್ಕೊಂದು ಸಾಲು ಬರೆದರೆ ಸಾಕು. ಅರಳಿದ ಹೂವನ್ನು ಎಲ್ಲರೂ ಬರೆಯುತ್ತಾರೆ. ಕಂದಿದ ಹೂವನ್ನು ಬರೆಯಲು ಮರುದಿನವೂ ಹೋಗಿ ನೋಡಬೇಕು.

ಸೋಮವಾರಪೇಟೆ ಟೀಚರ್

ಸರ್, ಗುಳಿ ತಾಗಲಿಲ್ಲ ಎಂಬ ಸಾಲು ನಾಳೆ ಬೋರ್ಡಿನ ಮೇಲೆ ಬರೆಯುತ್ತೇನೆ. ಮಗಳಿಗೆ ಹೇಳಿ. ನಮ್ಮ ಶಾಲೆಯಲ್ಲಿ ಜಾಡಿ ಇಲ್ಲ, ಆದರೆ ಮಕ್ಕಳ ಮನೆಗಳಲ್ಲಿ ಇದೆ, ಅಂಕಿ ತರಲು ಹೇಳುತ್ತೇನೆ.

ಸಿದ್ದಾಪುರ ಕಡೆಯ ಟೀಚರ್

ನನ್ನ ತರಗತಿಯಲ್ಲಿ ಹೆಚ್ಚಿನವರು ಲೈನ್ ಮನೆಯ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯ ಮಕ್ಕಳು. ಮನೆಯಲ್ಲಿ ಒಬ್ಬರದು ತಮಿಳು, ಒಬ್ಬರದು ಮಲಯಾಳ, ಒಬ್ಬರದು ಎರವ ಬುಡಕಟ್ಟಿನ ಮಾತು, ಈಚೆಗೆ ಅಸ್ಸಾಮಿನಿಂದ ಬಂದವರ ಮಕ್ಕಳೂ ಇದ್ದಾರೆ. ಡಬ್ಬದಲ್ಲಿ ಹಾಕಿ ಮುಚ್ಚಲು ಇವರ ಹತ್ತಿರ ‘ರಮಣೀಯ’ವೇ ಇಲ್ಲ. ಅದು ಒಳ್ಳೆಯದೇ ಆಯಿತು.

ನಾನು ಆಡಿಸುವುದು ‘ಯಾರು ಬಂದಿದ್ದರು?’ ಎಂಬ ಆಟ. ರಾತ್ರಿ ತೋಟಕ್ಕೆ ಆನೆ ಬಂದಿತ್ತು ಎಂದು ಹೇಳಬೇಕು, ಆದರೆ ಆನೆ ಎಂಬ ಪದ ಬರಬಾರದು, ಸೊಂಡಿಲು, ದಂತ, ದೊಡ್ಡದು ಇವೂ ಬರಬಾರದು. ಉಳಿದದ್ದನ್ನು ಮಾತ್ರ ಹೇಳಬೇಕು. ಒಬ್ಬ ಹುಡುಗ ಹೇಳಿದ್ದು ನನಗೆ ಬಾಯಿಪಾಠವಾಗಿದೆ: “ಬೇಲಿ ತಂತಿ ನೆಲಕ್ಕೆ ಮಲಗಿದೆ. ಹಲಸಿನ ಹಣ್ಣಿನ ಸೊನೆ ದಾರಿಯುದ್ದ ಅಂಟಿದೆ. ಕೆಸರಲ್ಲಿ ದುಂಡು ಗುಂಡಿ, ಒಳಗೆ ನೀರು, ನೀರಲ್ಲಿ ಆಕಾಶ. ಲದ್ದಿಯಲ್ಲಿ ಕಾಫಿ ಬೀಜ ಇದೆ. ಅಪ್ಪ ಇವತ್ತು ಕೆಲಸಕ್ಕೆ ತಡವಾಗಿ ಹೋಗುತ್ತಾರೆ.” ಆ ಕೊನೆಯ ಸಾಲನ್ನು ನಾನು ಹೇಳಿಕೊಟ್ಟದ್ದಲ್ಲ. ಭಯ ಎಂಬ ಪದವೂ ಅದರಲ್ಲಿಲ್ಲ. ಬೆಳಕು ಹರಿದು ದಾರಿ ಕಾಣುವ ತನಕ ಕಾರ್ಮಿಕರು ಹೊರಡುವುದಿಲ್ಲ ಎಂಬುದು ಗೊತ್ತಿದ್ದವರಿಗೆ ಅದು ಎಷ್ಟು ದೊಡ್ಡ ಸಾಲು ಎಂದು ತಿಳಿಯುತ್ತದೆ.

ಆದರೆ ಇದನ್ನು ಆಡಿಸುವ ಮುನ್ನ ತರಗತಿಯಲ್ಲಿ ಯಾರ ಮನೆಯವರಿಗಾದರೂ ಆನೆಯಿಂದ ಪೆಟ್ಟಾಗಿದೆಯೇ ಎಂದು ವಿಚಾರಿಸಿಕೊಳ್ಳಿ. ಇದ್ದರೆ ಕಾಡುಹಂದಿಯನ್ನೋ, ಬಾಳೆಗೊನೆ ಕಿತ್ತ ಮಂಗವನ್ನೋ ಕೊಡಿ, ಆಟ ಅದೇ.

ಇನ್ನೊಂದು ಮಾತು. ಮೊದಲು ಬಾಯಲ್ಲಿ ಹೇಳಲಿ, ಯಾವ ಭಾಷೆಯಲ್ಲಾದರೂ ಸರಿ. ಗೊತ್ತಿದ್ದ ಗೆಳೆಯ ಕನ್ನಡದಲ್ಲಿ ಬರೆದುಕೊಡಲಿ. ನೇರ ಬರೆಯಿರಿ ಎಂದರೆ ಅವರು ಕಂಡದ್ದನ್ನು ಬಿಟ್ಟು, ಬರೆಯಲು ಬರುವಷ್ಟನ್ನೇ ಬರೆಯುತ್ತಾರೆ.

ವಿರಾಜಪೇಟೆ ಮೌಲ್ಯಮಾಪಕ

ಎಲ್ಲ ಓದಿದೆ, ಚೆನ್ನಾಗಿದೆ. ಆದರೆ ಹತ್ತನೇ ತರಗತಿಯವರ ಕತೆ ಏನು? ಪ್ರಬಂಧ ಎಂದರೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ವಿಷಯಗಳು ಪರಿಸರ ಮಾಲಿನ್ಯ, ಗ್ರಂಥಾಲಯಗಳ ಮಹತ್ವ, ಸ್ವಚ್ಛತೆ, ಇಂಥವು. ಅಲ್ಲಿ ಇಂಬಳ, ಲದ್ದಿ ಬರೆದರೆ ಅಂಕ ಕೊಡಲು ಜಾಗ ಎಲ್ಲಿದೆ? ಮಕ್ಕಳು ಉತ್ತೀರ್ಣರಾಗಬೇಕು, ಅದು ನಮ್ಮ ಮೊದಲ ಕರ್ತವ್ಯ. ಬಡ ಮನೆಯ ಮಗುವಿಗೆ ಸಿದ್ಧ ಪ್ರಬಂಧವೇ ಊರುಗೋಲು. ಅದನ್ನು ಕಿತ್ತುಕೊಂಡು ಆಟ ಆಡಿಸಿದರೆ ಮಾರ್ಚಿಯ ಪರೀಕ್ಷೆಗೆ ಯಾರು ಹೊಣೆ?

ಸೋಮವಾರಪೇಟೆ ಟೀಚರ್

ಸರ್, ಚೌಕಟ್ಟು ಕಿತ್ತುಕೊಳ್ಳಬೇಡಿ, ನಾನೂ ಕಿತ್ತಿಲ್ಲ. ಪೀಠಿಕೆಯ ಮೊದಲ ಎರಡು ಸಾಲು ಮಾತ್ರ ಮಗುವಿನದಾಗಲಿ ಎನ್ನುತ್ತೇನೆ. ‘ಗ್ರಂಥಾಲಯಗಳ ಮಹತ್ವ’ ಬರೆಯುವ ಮಗು “ಗ್ರಂಥಾಲಯವು ಜ್ಞಾನದ ಭಂಡಾರವಾಗಿದೆ” ಎಂದು ಶುರು ಮಾಡುವ ಬದಲು “ನಮ್ಮ ಪಂಚಾಯಿತಿ ಗ್ರಂಥಾಲಯದ ಬಾಗಿಲು ತೆಗೆದರೆ ಮೊದಲು ಬರುವುದು ಒದ್ದೆ ಕಾಗದದ ವಾಸನೆ. ಮಳೆಗಾಲದಲ್ಲಿ ಪುಸ್ತಕಗಳು ಉಬ್ಬಿ ಕಪಾಟಿನಿಂದ ಹೊರಗೆ ಬರಲು ಒಪ್ಪುವುದಿಲ್ಲ” ಎಂದು ಶುರು ಮಾಡಿದರೆ ಯಾವ ನಿಯಮವೂ ಮುರಿಯುವುದಿಲ್ಲ. ಆಮೇಲೆ ಮಹತ್ವ, ಉಪಯೋಗ, ಉಪಸಂಹಾರ ಎಲ್ಲ ಬರಲಿ. ಎಂಟು, ಒಂಬತ್ತರಲ್ಲಿ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗಳು ಇವೆಯಲ್ಲ, ಅಲ್ಲಿ ಈ ಆಟಗಳಿಗೆ ಬೇಕಾದಷ್ಟು ಜಾಗವಿದೆ. ಹತ್ತಕ್ಕೆ ಬರುವ ಹೊತ್ತಿಗೆ ಕೈ ಪಳಗಿರುತ್ತದೆ.

ಊರುಗೋಲಿನ ಮಾತು ನನಗೆ ತಾಗಿತು, ಅದಕ್ಕೇ ಇದನ್ನೂ ಹೇಳಬೇಕು. ಗೈಡಿನ ಪ್ರಬಂಧವನ್ನು ಬಾಯಿಪಾಠ ಮಾಡಲು ಅತಿ ಕಷ್ಟಪಡುವವರು ಆ ಬಡ ಮನೆಯ ಮಕ್ಕಳೇ. ಅದರ ಭಾಷೆ ಅವರ ಮನೆಯಲ್ಲಿಲ್ಲ. ಕಂಡದ್ದನ್ನು ಬರೆಯಲು ಬಿಟ್ಟರೆ ಅವರ ಹತ್ತಿರ ಇರುವಷ್ಟು ಸಾಮಗ್ರಿ ನನ್ನ ತರಗತಿಯಲ್ಲಿ ಬೇರೆ ಯಾರ ಹತ್ತಿರವೂ ಇಲ್ಲ.

ಶನಿವಾರಸಂತೆ ನಿವೃತ್ತ ಮೇಷ್ಟ್ರು

ವರ್ಣನೆ ಎಂಬುದು ನಮ್ಮಲ್ಲಿ ಹೊಸತಲ್ಲ. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆ ಇರಬೇಕು ಎಂದು ಹಿಂದಿನವರು ಪಟ್ಟಿಯನ್ನೇ ಮಾಡಿದ್ದರು: ಸಮುದ್ರ, ಪರ್ವತ, ಪಟ್ಟಣ, ಋತು, ಸೂರ್ಯೋದಯ, ಚಂದ್ರೋದಯ, ಉದ್ಯಾನ, ಜಲಕ್ರೀಡೆ, ಹೀಗೆ. ಮಕ್ಕಳಿಂದ ಅವರ ಊರಿನ ಹದಿನೆಂಟು ವರ್ಣನೆಗಳ ಪಟ್ಟಿ ಮಾಡಿಸಿ. ಸಮುದ್ರದ ಜಾಗದಲ್ಲಿ ಹಾರಂಗಿ ಹಿನ್ನೀರು ಬರಲಿ, ಪಟ್ಟಣದ ಜಾಗದಲ್ಲಿ ಸೋಮವಾರದ ಸಂತೆ, ಪರ್ವತಕ್ಕೆ ಪುಷ್ಪಗಿರಿ, ಜಲಕ್ರೀಡೆಗೆ ಗದ್ದೆಯ ಕೆಸರಿನ ಓಟ. ಪಟ್ಟಿ ಮಾಡುವುದೇ ಅರ್ಧ ಪಾಠ. ಏನನ್ನು ವರ್ಣಿಸಬೇಕು ಎಂದು ಆರಿಸುವ ಹಕ್ಕು ಆಗ ಮಕ್ಕಳ ಕೈಗೆ ಬರುತ್ತದೆ.

ಹಳ್ಳಿಯಲ್ಲಿ ಓದು ಬಾರದವರೂ ಆಡುತ್ತಿದ್ದ ಆಟ ಒಗಟು. ಹೆಸರು ಹೇಳದೆ ವಸ್ತುವನ್ನು ಕಣ್ಣಿಗೆ ಕಟ್ಟುವ ಸ್ಪರ್ಧೆ ಅದು. ‘ಚಿಕ್ಕ ಮನೆಗೆ ಚಿನ್ನದ ಬೀಗ’ ಎಂದರೆ ಮೂಗುತಿ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಎಂದರೆ ಮಲ್ಲಿಗೆ, ನಮ್ಮ ಕಡೆಯ ಮಗು ಕಾಫಿ ಹೂವು ಎಂದರೂ ಸರಿ ಎನ್ನಿ. ಹಳೆಯದನ್ನು ಹೇಳಿಸಿ ಬಿಡಬಾರದು, ಹೊಸತು ಕಟ್ಟಿಸಬೇಕು. ನನ್ನ ಮೊಮ್ಮಗ ಕಟ್ಟಿದ್ದು: “ಮಳೆಯಲ್ಲಿ ಊರೆಲ್ಲ ಸುತ್ತುತ್ತೆ, ಮನೆಗೆ ಬಂದು ಮೊಳೆಗೆ ನೇತುಬಿದ್ದು ಅಳುತ್ತೆ.” ರೇನ್‌ಕೋಟು. ಅವನ ತಂಗಿಯದು: “ಹಸಿರಾಗಿ ಬಳ್ಳಿ ಹತ್ತಿದ್ದು, ಬಿಸಿಲು ಕಾದು ಕಪ್ಪಾಯ್ತು, ಮುದುಡಿದ ಮೇಲೆ ಬೆಲೆ ಬಂತು.” ಕರಿಮೆಣಸು.

ವ್ಯಾಕರಣದವರೂ ಇದರಲ್ಲಿ ಸೇರಿಕೊಳ್ಳಬಹುದು. ಅನುಕರಣಾವ್ಯಯವನ್ನು ಧಗಧಗ, ಪಟಪಟ ಎಂದು ಪಟ್ಟಿ ಬರೆಸಿ ಮುಗಿಸುತ್ತೇವೆ. ಅದರ ಬದಲು ಮಳೆ ಬರುವಾಗ ಮಕ್ಕಳನ್ನು ಕಣ್ಣು ಮುಚ್ಚಿ ಕೂರಿಸಿ. ಹೆಂಚಿನ ಮೇಲೆ ಯಾವ ಸದ್ದು, ಶೀಟಿನ ಮೇಲೆ ಯಾವ ಸದ್ದು, ಕೆಸುವಿನ ಎಲೆಯ ಮೇಲೆ ಯಾವುದು, ಟಾರ್ಪಾಲಿನ ಮೇಲೆ ಯಾವುದು? ಪುಸ್ತಕದಲ್ಲಿ ಇಲ್ಲದ ಸದ್ದನ್ನು ಅಕ್ಷರದಲ್ಲಿ ಹಿಡಿದವರಿಗೆ ಚಪ್ಪಾಳೆ. ಸರಿ-ತಪ್ಪು ಹೇಳಲು ಮಳೆಯೇ ಅಲ್ಲಿರುತ್ತದೆ, ಮೇಷ್ಟ್ರು ಬೇಕಾಗಿಲ್ಲ.

ಕುಶಾಲನಗರ ಬಸ್‌ಸ್ಟ್ಯಾಂಡ್

ನಿವೃತ್ತ ಮೇಷ್ಟ್ರಿಗೆ ನಮಸ್ಕಾರ. ನನ್ನದು ಬೇರೆ ದೂರು. ಕೊಡಗು ಎಂದರೆ ಮಂಜು, ಕಾಫಿ, ಇಂಬಳ ಎಂದೇ ಮಾತಾಡುತ್ತೀರಿ. ನಮ್ಮ ಮಕ್ಕಳು ಬಯಲಿನವರು. ನಮ್ಮಲ್ಲಿ ಜೋಳದ ಹೊಲ, ಶುಂಠಿ, ಹೆದ್ದಾರಿಯ ಲಾರಿ, ಬೇಸಿಗೆಯಲ್ಲಿ ಬಂಡೆ ಕಾಣುವ ಕಾವೇರಿ. ಈ ಮಕ್ಕಳೂ ಪರೀಕ್ಷೆಯಲ್ಲಿ ‘ಮಂಜು ಮುಸುಕಿದ ಬೆಟ್ಟಗಳ ನಡುವೆ ನಮ್ಮ ಊರು’ ಎಂದು ಬರೆಯುತ್ತಾರೆ. ತಮ್ಮ ಊರು ಬರೆಯಲು ಯೋಗ್ಯವಲ್ಲ ಎಂದು ಅವರಿಗೆ ಅನಿಸಿಬಿಟ್ಟಿದೆ, ಅದು ನನಗೆ ಬೇಸರ.

ಅದಕ್ಕೆ ನಾನು ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ಕೂತು ಬರೆಯಿರಿ ಎಂದು ಕೊಡುತ್ತೇನೆ. ಸವಾಲು ಇದು: ಬಸ್ಸಿನ ಬೋರ್ಡು ಓದಬಾರದು. ಇಳಿಯುವವರ ಬಟ್ಟೆ, ಕೊಡೆ, ಚೀಲ, ಚಪ್ಪಲಿಯ ಕೆಸರು ನೋಡಿ ಬಸ್ಸು ಮಡಿಕೇರಿ ಕಡೆಯದೋ ಮೈಸೂರು ಕಡೆಯದೋ ಹೇಳಬೇಕು. ಜುಲೈಯಲ್ಲಿ ಈ ಆಟ ಬಲು ರುಚಿ. ಒಂದು ಬಸ್ಸಿನವರ ಕೊಡೆ ತೊಟ್ಟಿಕ್ಕುತ್ತಿರುತ್ತದೆ, ಇನ್ನೊಂದರವರು ಬೆವರು ಒರೆಸಿಕೊಳ್ಳುತ್ತಿರುತ್ತಾರೆ.

ಟೀಚರ್ ಅವರಿಗೆ ಒಂದು ಎಚ್ಚರಿಕೆ. ಡಬ್ಬದ ಆಟ ಸ್ವಲ್ಪ ದಿನ ಆದ ಮೇಲೆ ಮಕ್ಕಳು ವಿಶೇಷಣಗಳನ್ನು ಪೇರಿಸಲು ಶುರು ಮಾಡುತ್ತಾರೆ. “ದಟ್ಟವಾದ, ಬಿಳಿಯಾದ, ತಂಪಾದ, ಮೃದುವಾದ ಮಂಜು ಇತ್ತು.” ಅದಕ್ಕೆ ನಾನು ಮಾಡಿದ ನಿಯಮ, ಸಾಲಿಗೆ ವಿಶೇಷಣ ಒಂದೇ, ‘ಇತ್ತು’, ‘ಇದೆ’ ಬಿಟ್ಟು ಬೇರೆ ಕ್ರಿಯಾಪದ ಬರಬೇಕು. ಮಡಿಕೇರಿಯಿಂದ ವರ್ಗವಾಗಿ ಬಂದ ಹುಡುಗಿ ಅದೇ ಸಾಲನ್ನು ತಿದ್ದಿದಳು: “ಮಂಜು ಬಾವುಟದ ಕಂಬವನ್ನು ಅರ್ಧಕ್ಕೆ ನುಂಗಿತು, ರಾಷ್ಟ್ರಗೀತೆ ಹಾಡುವಾಗ ನಾವು ಕಂಬ ಇದ್ದ ಕಡೆಗೆ ನೋಡಿದೆವು.” ವಿಶೇಷಣ ಒಂದೂ ಇಲ್ಲ, ಮಂಜು ಪೂರಾ ಇದೆ.

ನಾಪೋಕ್ಲು ಅಮ್ಮ

ಮೂಗಿನ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕೊಡವರ ಕಕ್ಕಡ ತಿಂಗಳ ಹದಿನೆಂಟರ ದಿನ, ಆಗಸ್ಟ್ 3ರ ಹೊತ್ತಿಗೆ, ನಮ್ಮಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುತ್ತೇವೆ. ಅವತ್ತು ಆ ಸೊಪ್ಪಿಗೆ ಹದಿನೆಂಟು ಬಗೆಯ ಔಷಧಿಯ ಗುಣ ಬರುತ್ತದೆ ಎಂಬುದು ಹಿರಿಯರ ನಂಬಿಕೆ. ಸೊಪ್ಪು ಹಸಿರು, ಕುದಿಸಿದ ನೀರು ಮಾತ್ರ ನೇರಳೆ. ಮಗನ ಟೀಚರ್ ‘ಅಡುಗೆಮನೆಯ ಒಂದು ವಾಸನೆಯನ್ನು ಪರಿಮಳ, ಘಮ, ಸುವಾಸನೆ ಎನ್ನದೆ ಹೇಳಿ’ ಎಂದು ಕೊಟ್ಟಿದ್ದರು. ಅವನು ಇಡೀ ಬೆಳಿಗ್ಗೆ ಪಾತ್ರೆಯ ಪಕ್ಕವೇ ಇದ್ದ. ಯಾವಾಗ ವಾಸನೆ ಬದಲಾಯಿತು, ಯಾವಾಗ ಬಣ್ಣ ಬಿಟ್ಟಿತು ಎಂದು ನನ್ನನ್ನೇ ಕೇಳಿ ಕೇಳಿ ಬರೆದ. ಅಜ್ಜಿ ಸೊಪ್ಪನ್ನು ಯಾಕೆ ಕಾಂಡ ಸಮೇತ ಹಾಕುತ್ತಾರೆ ಎಂದು ಅವತ್ತೇ ನಾನೂ ಮೊದಲ ಸಲ ಕೇಳಿ ತಿಳಿದೆ.

ಅವನು ಬರೆದ ಸಾಲು: “ಮೊದಲು ಗದ್ದೆ ಬದುವಿನ ಹುಲ್ಲು ಕೊಯ್ದ ವಾಸನೆ. ಆಮೇಲೆ ಔಷಧಿ ಅಂಗಡಿ. ಬೆಲ್ಲ ಬಿದ್ದ ಮೇಲೆ ಅಂಗಡಿ ಮುಚ್ಚಿತು, ಹಬ್ಬ ಬಂತು.” ಇಂಥ ಮನೆಕೆಲಸ ದಿನಾ ಕೊಟ್ಟರೂ ನಾನು ದೂರು ಹೇಳುವುದಿಲ್ಲ. ಗೂಗಲ್ ನೋಡಿ ಬರೆಯಲು ಆಗದ ಮನೆಕೆಲಸ ಇದೊಂದೇ.

ಮಡಿಕೇರಿ ತಾಲ್ಲೂಕು ಶಿಕ್ಷಕ

ಮಳೆಯ ಆಟಗಳ ಬಗ್ಗೆ ಗಂಭೀರವಾಗಿ ಒಂದು ಮಾತು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಕಾಲೂರು ಕಡೆ ಗುಡ್ಡ ಜಾರಿದಾಗ ಅಂಗನವಾಡಿಯಲ್ಲೋ ಒಂದನೇ ತರಗತಿಯಲ್ಲೋ ಇದ್ದ ಮಕ್ಕಳಿಗೆ ಪಾಠ ಮಾಡಿದವನು ನಾನು. 2019ರಲ್ಲಿ ವಿರಾಜಪೇಟೆ ಕಡೆಯ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಈ ಮಕ್ಕಳಿಗೆ ‘ಕಣ್ಣು ಮುಚ್ಚಿ ಮಳೆ ಕೇಳಿ’ ಎಂದರೆ ಎಲ್ಲರಿಗೂ ಅದು ಆಟವಲ್ಲ. ಒಬ್ಬ ಹುಡುಗಿ ಕಣ್ಣು ಮುಚ್ಚಲು ಒಪ್ಪಲೇ ಇಲ್ಲ. ನಾನು ಒತ್ತಾಯಿಸಲಿಲ್ಲ. ಕಿಟಕಿಯ ಹತ್ತಿರ ಕೂತು ಅವಳು ಗಾಜಿನ ಮೇಲೆ ಇಳಿಯುವ ಹನಿಗಳ ದಾರಿಯನ್ನು ಬರೆದಳು: ಯಾವುದು ನೇರ ಇಳಿಯಿತು, ಯಾವುದು ಇನ್ನೊಂದನ್ನು ಸೇರಿಕೊಂಡು ಬೇಗ ಓಡಿತು. ಸೊಗಸಾದ ಬರಹ ಅದು.

ಆದ್ದರಿಂದ ಪ್ರತಿ ಸವಾಲಿಗೂ ಎರಡನೇ ಬಾಗಿಲು ಇಡಿ. ಮಳೆ ಬೇಡದವರಿಗೆ ಬಿಸಿಲು, ರಾತ್ರಿ ಬೇಡದವರಿಗೆ ಮಧ್ಯಾಹ್ನ. ‘ನಿಮ್ಮ ಮನೆಯನ್ನು ವರ್ಣಿಸಿ’ ಎಂದು ಕೊಡುವಾಗಲೂ ಹೀಗೇ. ಕೊಡವ ಕುಟುಂಬದ ಹಿರಿಮನೆಯಾದ ಐನ್‌ಮನೆಯ ಕಂಬ, ಕಟ್ಟೆ ವರ್ಣಿಸುವ ಮಗುವಿನ ಪಕ್ಕದಲ್ಲಿ ಪುನರ್ವಸತಿ ಮನೆಯ ಮಗು ಕೂತಿರುತ್ತದೆ. ನಾನು ‘ನೀವು ದಿನಾ ಕೈಯಿಡುವ ಒಂದು ಬಾಗಿಲನ್ನು ವರ್ಣಿಸಿ’ ಎನ್ನುತ್ತೇನೆ. ಬಾಗಿಲು ಎಲ್ಲರಿಗೂ ಇದೆ, ಬಸ್ಸಿನದ್ದಾದರೂ ಸರಿ, ಶಾಲೆಯದ್ದಾದರೂ ಸರಿ.

ಭಾಗಮಂಡಲದ ಪಿಯು ವಿದ್ಯಾರ್ಥಿ

ನಾನು ಹೈಸ್ಕೂಲಲ್ಲಿ ಇಂಥ ಆಟ ಆಡಿದವನು. ನಮ್ಮ ಟೀಚರ್ ಕೊಟ್ಟ ಸವಾಲು, ‘ನೀನು ಇಂಬಳ. ಒಬ್ಬ ಹುಡುಗ ಶಾಲೆಗೆ ಬರುತ್ತಿದ್ದಾನೆ. ಬರಿ.’ ಇಂಬಳಕ್ಕೆ ನಮ್ಮ ಹಾಗೆ ಕಾಣುವುದಿಲ್ಲ, ನೆಲದ ಅದುರು, ಮೈಯ ಬಿಸಿ, ಉಸಿರು ಇವುಗಳಿಂದ ಹೆಚ್ಚಾಗಿ ಅದು ನಮ್ಮನ್ನು ಗುರುತಿಸುತ್ತದೆ ಎಂದು ಮೊದಲು ವಿಜ್ಞಾನದ ಮೇಷ್ಟ್ರಿಂದ ಹೇಳಿಸಿದರು. ಹಾಗಾಗಿ ಬಣ್ಣ ಬರೆಯುವ ಹಾಗಿಲ್ಲ, ಹುಡುಗನ ಮುಖ ಬರೆಯುವ ಹಾಗಿಲ್ಲ. ನಾನು ಬರೆದದ್ದು ಇನ್ನೂ ನೆನಪಿದೆ: “ಎಲೆ ನಡುಗಿತು. ಇನ್ನೊಮ್ಮೆ ನಡುಗಿತು. ಹಿಂದಿನ ತುದಿ ಊರಿ ಎದ್ದು ನಿಂತೆ. ಬಿಸಿ ಗಾಳಿ ಬಂತು, ಹೋಯಿತು, ಬಂತು. ರಬ್ಬರಿನ ಗೋಡೆ. ಅದರ ಮೇಲೆ ಒದ್ದೆ ಬಟ್ಟೆ. ಅದರಾಚೆ ಬೆಚ್ಚಗಿನ ಊರು.”

ಬರೆಯುವುದು ಇಷ್ಟ ಎಂದು ನನಗೆ ಅವತ್ತೇ ಗೊತ್ತಾದದ್ದು. ಟೀಚರ್‌ಗಳಿಗೆ ಒಂದು ವಿನಂತಿ, ಸವಾಲು ವಿಚಿತ್ರವಾಗಿದ್ದಷ್ಟೂ ಒಳ್ಳೆಯದು. ‘ನಿನ್ನ ಮೆಚ್ಚಿನ ಸ್ಥಳ’ ಎಂದರೆ ಎಲ್ಲರೂ ಮಡಿಕೇರಿಯ ರಾಜಾಸೀಟ್ ಬರೆಯುತ್ತಾರೆ. ‘ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಕಾಫಿ ಹಣ್ಣು ಹೇಳುವ ಕೊನೆಯ ಮಾತು’ ಎಂದರೆ ಯಾರಿಗೂ ಗೈಡಿನಲ್ಲಿ ಸಿಗುವುದಿಲ್ಲ.

ವಿರಾಜಪೇಟೆ ಮೌಲ್ಯಮಾಪಕ

ಪೀಠಿಕೆಯ ಎರಡು ಸಾಲಿಗೆ ನನ್ನ ಒಪ್ಪಿಗೆ ಇದೆ. ಈ ವರ್ಷದ ಒಂಬತ್ತನೇ ತರಗತಿಯಿಂದ ಶುರು ಮಾಡುತ್ತೇನೆ. ಆದರೆ ಕಾಗುಣಿತ? ಆಟ ಎಂದು ಬಿಟ್ಟರೆ ‘ಹಾನೆ’, ‘ಅಣ್ಣು’ ಎಂದೇ ಉಳಿಯುತ್ತದೆ. ನಲವತ್ತು ಹಾಳೆ ತಿದ್ದುವುದು ಯಾವಾಗ?

ಸೋಮವಾರಪೇಟೆ ಟೀಚರ್

ಸರ್, ನಾನು ಒಂದು ಸುತ್ತಿಗೆ ಒಂದನ್ನೇ ನೋಡುತ್ತೇನೆ. ಆಟದ ದಿನ, ಓದಿದವರಿಗೆ ಕಲ್ಲು ಸಿಕ್ಕಿತೇ, ಒಗಟು ಬಿಡಿಸಲು ಆಯಿತೇ, ಅಷ್ಟೇ. ಅದನ್ನು ಮಕ್ಕಳೇ ನೋಡಿಕೊಳ್ಳುತ್ತಾರೆ, ನನ್ನ ಕೆಂಪು ಪೆನ್ನು ಹೊರಬರುವುದಿಲ್ಲ. ಮರುದಿನ ತರಗತಿಯೇ ಆರಿಸಿದ ಐದು ಬರಹಗಳನ್ನು ಗೋಡೆಪತ್ರಿಕೆಗೆ ಶುದ್ಧಪ್ರತಿ ಮಾಡಿಸುತ್ತೇನೆ. ಕಾಗುಣಿತ, ಒತ್ತಕ್ಷರ, ಅಕಾರ-ಹಕಾರ ಎಲ್ಲ ಅಲ್ಲಿ. ಊರವರು ಓದುವ ಗೋಡೆ ಎಂದರೆ ಮಕ್ಕಳೇ ನಿಘಂಟು ತೆಗೆಯುತ್ತಾರೆ. ಮುಂದಿನ ವಾರ ಬೇರೆ ಐವರು.

ಇಲ್ಲಿ ಬಂದ ಆಟಗಳಿಂದ ಈ ಮಳೆಗಾಲಕ್ಕೆ ನಾನು ಎತ್ತಿಕೊಂಡದ್ದು: ಜೂನ್ ಮೊದಲ ವಾರ ಕಲ್ಲು, ಆಮೇಲೆ ಮಳೆ ಡೈರಿ, ರಜೆ ಘೋಷಣೆಯಾದ ದಿನಗಳಲ್ಲಿ ತರಗತಿಯ ವಾಟ್ಸಾಪ್ ಗುಂಪಿಗೆ ಒಗಟು, ಕಕ್ಕಡಕ್ಕೆ ಅಡುಗೆಮನೆಯ ವಾಸನೆ. ಫೋನಿಲ್ಲದ ಮಕ್ಕಳಿಗೆ ಒಗಟಿನ ಚೀಟಿ ಹಿಂದಿನ ದಿನವೇ ಕೈಗೆ. ಪ್ರತಿಯೊಂದಕ್ಕೂ ಎರಡನೇ ಬಾಗಿಲು ಇರುತ್ತದೆ, ಮಡಿಕೇರಿಯ ಸರ್ ಹೇಳಿದಂತೆ. ಕುಶಾಲನಗರದ ಸರ್, ನಿಮ್ಮ ತರಗತಿಯೂ ನಮ್ಮ ತರಗತಿಯೂ ವರ್ಣನೆಯ ಹಾಳೆಗಳನ್ನು ಅದಲುಬದಲು ಮಾಡಿಕೊಳ್ಳೋಣವೇ? ಊರಿನ ಹೆಸರು ಬರೆಯದೆ ಕಳಿಸಬೇಕು, ನಿಮ್ಮವರು ನಮ್ಮ ಊರಿನ ಚಿತ್ರ ಬರೆಯಲಿ, ನಮ್ಮವರು ನಿಮ್ಮ ಬಸ್‌ಸ್ಟ್ಯಾಂಡಿನದು.

ಕುಶಾಲನಗರ ಬಸ್‌ಸ್ಟ್ಯಾಂಡ್

ಆಗಲಿ ಮೇಡಂ, ಜುಲೈ ಎರಡನೇ ವಾರ ಕಳಿಸುತ್ತೇವೆ. ಚಿತ್ರ ಬರೆಯಲು ಹಾಳೆಯ ಹಿಂಬದಿ ಖಾಲಿ ಬಿಡಿಸಿ. ‘ಮಂಜು’ ನಿಮ್ಮ ಡಬ್ಬದೊಳಗೆ ಹೋಗಬೇಕು, ಅದು ನನ್ನ ಷರತ್ತು.